ಟ್ರಂಕಾಲಜ್ಜಿ ಸಾಧುವಾದದ್ದು

ಎರಡು ಬೀದಿಗಳು ಕೂಡುವ ಮೂಲೆಯಲ್ಲಿ, ಬಸ್ ನಿಲ್ದಾಣದ ಎದುರಿಗೇ, ಗಂಡ ಹೆಂಡತಿ ಸೇರಿ ನಡೆಸುವ ಒಂದು ಕನ್ನಡಕದ ಅಂಗಡಿ. ಮುಂದಿನ ಕೋಣೆಯಲ್ಲಿ ಹೆಂಡತಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು, ಹಿಂದಿನ ಕೋಣೆಯಲ್ಲಿ ಗಂಡ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ. ಬೀದಿಯವರೆಲ್ಲ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಎಷ್ಟೋ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಕುರ್ಚಿಯಲ್ಲಿ ಕೂರಿಸಿ, ಗಲ್ಲ ಹಿಡಿದು, "ಅಲ್ಲಾಡಬೇಡಿ" ಎಂದು ಗದರುವವಳನ್ನು ಇನ್ನೇನೆಂದು ಕರೆಯುತ್ತಾರೆ?

ಗಾಜು ಸಿದ್ಧವಾಗುವ ತನಕ ಗಿರಾಕಿಗಳು ಕೂರಲು ಒಂದು ಉದ್ದನೆಯ ಬೆಂಚು, ಅದರ ಪಕ್ಕದ ಕಪಾಟಿನ ತುಂಬ ಹಳೇ ಪತ್ತೇದಾರಿ ಕಾದಂಬರಿಗಳು. ಹೊತ್ತು ಕಳೆಯುವುದಕ್ಕೂ ಆಯಿತು, ಹೊಸ ಕನ್ನಡಕದಲ್ಲಿ ಸಣ್ಣಕ್ಷರ ಕಾಣುತ್ತದೋ ಇಲ್ಲವೋ ನೋಡುವುದಕ್ಕೂ ಆಯಿತು ಎಂದು ಇಟ್ಟಿದ್ದಳು. ಆದರೆ ಕೈಯಿಂದ ಕೈಗೆ ಓಡಾಡಿ ಓಡಾಡಿ ಎಲ್ಲ ಪುಸ್ತಕಗಳ ಕೊನೆಯ ಹಾಳೆಗಳು ಹರಿದುಹೋಗಿದ್ದವು. ಕೊಲೆಯಾಗುವವರೆಗೆ ಪುಸ್ತಕ ಗಟ್ಟಿಯಾಗಿರುತ್ತಿತ್ತು, ಕೊಲೆಗಾರ ಸಿಗುವ ಹೊತ್ತಿಗೆ ಹಾಳೆಯೇ ಇರುತ್ತಿರಲಿಲ್ಲ.

"ಅಕ್ಕಾ, ಕೊಲೆ ಮಾಡಿದ್ದು ಯಾರು ಅಂತ ನೀವಾದ್ರೂ ಹೇಳಿ, ಪುಣ್ಯ ಬರುತ್ತೆ" ಎಂದು ಗಿರಾಕಿಗಳು ಗೋಗರೆಯುತ್ತಿದ್ದರು. ಅವಳಿಗೂ ಗೊತ್ತಿರುತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವುದು ಹೇಗೆ? ಗಾಜು ಬದಲಿಸುತ್ತ ಬದಲಿಸುತ್ತಲೇ ಒಂದು ಮುಕ್ತಾಯ ಹೊಸೆದು ಹೇಳಿಬಿಡುತ್ತಿದ್ದಳು. ಬರುಬರುತ್ತ ಕಣ್ಣು ಚೆನ್ನಾಗಿಯೇ ಇದ್ದವರೂ ಮುಕ್ತಾಯ ಕೇಳಲು ಬಂದು ಬೆಂಚಿನ ಮೇಲೆ ಕೂರತೊಡಗಿದರು. ಒಂದು ಸಲ ಒಂದೇ ಕಾದಂಬರಿಗೆ ಇಬ್ಬರ ಮುಂದೆ ಇಬ್ಬರು ಬೇರೆ ಬೇರೆ ಕೊಲೆಗಾರರನ್ನು ಹಿಡಿದುಕೊಟ್ಟು ಸಿಕ್ಕಿಬಿದ್ದಳು. ಆಗ ಹಿಂದಿನ ಕೋಣೆಯಿಂದ ಗಂಡ ಕೂಗಿ ಹೇಳಿದ, "ಊರವರ ಕೊಲೆಗಾರರನ್ನ ಹಿಡಿದಿದ್ದು ಸಾಕು ಕಣೇ. ನಿನ್ನದೇ ಒಂದು ಬರಿ."

ಬರೆದಳು. ಪತ್ತೇದಾರಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ, ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದರು. ಅವಳ ತಂದೆಯ ಅಕ್ಕ, ಅಂದರೆ ಅವಳ ಸೋದರತ್ತೆ. ಮದುವೆ ಬೇಡವೆಂದು ಒಬ್ಬರೇ ಇದ್ದು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇಡೀ ಆಯುಷ್ಯ ಊರಿಂದೂರಿಗೆ ಟ್ರಂಕಾಲ್ ಜೋಡಿಸಿಕೊಟ್ಟವರು. ನಿವೃತ್ತಿಯಾದರೂ ಅವರ ಕಿವಿ ನಿವೃತ್ತಿಯಾಗಿರಲಿಲ್ಲ. "ಹಲೋ" ಎಂದ ಧ್ವನಿಯಲ್ಲೇ ಎದುರಿನವರು ಸುಳ್ಳು ಹೇಳಲು ಹೊರಟಿದ್ದಾರೋ ಸಾಲ ಕೇಳಲು ಹೊರಟಿದ್ದಾರೋ ಗುರುತಿಸುತ್ತಿದ್ದರು. ಜೊತೆಗೆ ಇಸ್ಪೀಟಿನಲ್ಲಿ ಹಾಡುಹಗಲೇ ಮೋಸ ಮಾಡುತ್ತಿದ್ದರು, ಪರರ ಮನೆಯ ಬಿಸ್ಕತ್ತನ್ನು ಚೀಲಕ್ಕೆ ಇಳಿಸುತ್ತಿದ್ದರು, ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡು, ಸಿಕ್ಕಿಬಿದ್ದರೆ, "ಸಣ್ಣ ದನಿಯಲ್ಲಿ ಮಾತಾಡಿದ್ರೆ ಯಾರಿಗೆ ಕೇಳುತ್ತೆ, ಸ್ವಲ್ಪ ಜೋರಾಗಿ ಮಾತಾಡಬಾರ್ದಾ?" ಎಂದು ಎದುರಿನವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

ಅತ್ತೆಯನ್ನು ಇದ್ದಂತೆಯೇ ಎತ್ತಿ ಕಾದಂಬರಿಯೊಳಗೆ ಕೂರಿಸಿ, ಟ್ರಂಕಾಲಜ್ಜಿ ಎಂದು ಹೆಸರಿಟ್ಟಳು. ಪುಸ್ತಕದ ಹೆಸರು 'ಲೈನಿನಲ್ಲಿ ಮೂರನೆಯವರು'. ತನ್ನ ಮುದ್ರಣಾಲಯದಲ್ಲಿ ಆಮಂತ್ರಣ ಪತ್ರಿಕೆ, ಕ್ಯಾಲೆಂಡರುಗಳ ನಡುವೆ ಪುಸ್ತಕವನ್ನೂ ಹಾಕುವ ಒಬ್ಬ ಪ್ರಕಾಶಕ ಅರೆಮನಸ್ಸಿನಿಂದಲೇ ಅದನ್ನು ಅಚ್ಚು ಹಾಕಿದ. ಹಾಕಿದವನು ಮತ್ತೆ ಹಾಕಬೇಕಾಯಿತು, ಮಳೆಗಾಲ ಮುಗಿಯುವುದರೊಳಗೆ ಮತ್ತೊಮ್ಮೆ. ಒಂದು ಬೆಳಿಗ್ಗೆ ಅಂಗಡಿಯ ಗಾಜಿನಾಚೆ ಕನ್ನಡಕದಕ್ಕ ಕಣ್ಣಾರೆ ಕಂಡಳು. ನಿಲ್ದಾಣದಲ್ಲಿ ನಿಂತಿದ್ದ ಹೆಂಗಸೊಬ್ಬಳು ಟ್ರಂಕಾಲಜ್ಜಿಯನ್ನು ಓದುತ್ತ ಓದುತ್ತ ಬಂದ ಬಸ್ಸನ್ನು ಬಿಟ್ಟಳು, ಅದರ ಹಿಂದೆ ಬಂದದ್ದನ್ನೂ ಬಿಟ್ಟಳು. ಕನ್ನಡಕದಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಂದು ಪರೀಕ್ಷೆಗೆ ಕೂತವರಿಗೆಲ್ಲ, ಅಕ್ಷರ ತಪ್ಪು ಓದಿದರೂ, "ಭೇಷ್" ಎಂದಳು.

ಒಂದೇ ಒಂದು ಅಳುಕಿತ್ತು. ಅತ್ತೆಗೆ ಹೇಳಿರಲಿಲ್ಲ. ಅತ್ತೆ ಓದುವುದು ಹಳೇ ದಿನಪತ್ರಿಕೆ ಮಾತ್ರ, ಕಾದಂಬರಿ ಅವರ ಕಣ್ಣಿಗೆ ಎಲ್ಲಿ ಬಿದ್ದೀತು ಎಂದುಕೊಂಡಿದ್ದಳು. ಆದರೆ ನೆಂಟರ ಮದುವೆಯೊಂದರಲ್ಲಿ, ಊಟದ ಮೇಜಿನ ಆ ತುದಿಯಿಂದ ದೊಡ್ಡಪ್ಪನ ಮಗನೊಬ್ಬ ಈ ತುದಿಗೆ ಕೇಳುವಂತೆ ಕೂಗಿದ, "ಅಲ್ಲ ಅತ್ತೆ, ಟ್ರಂಕಾಲಜ್ಜಿ ಅಂದ್ರೆ ನೀವೇ ತಾನೇ? ಬಿಸ್ಕತ್ತಿನ ಜಾಗ ಓದಿ ನಂಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು!"

ಮೇಜಿಗೆ ಮೇಜೇ ಗೊಳ್ಳೆಂದಿತು. ಅತ್ತೆ ಮಾತ್ರ ತುಟಿ ಬಿಚ್ಚಲಿಲ್ಲ. ಕೆನ್ನೆಗೆ ಕೈಯಿಟ್ಟುಕೊಂಡು, ಊಟ ಅರ್ಧಕ್ಕೇ ಬಿಟ್ಟು, ರಿಕ್ಷಾ ಹತ್ತಿ ಮನೆಗೆ ಹೋದರು. ಮಾರನೆಯ ದಿನ ಕೆಳಗಿಳಿಯಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಕನ್ನಡಕದಕ್ಕ ಮೆಟ್ಟಿಲ ಮೇಲೆ ಚಹಾ ಇಟ್ಟು ಬಂದರೆ ಖಾಲಿ ಲೋಟ ಮಾತ್ರ ಹೊರಗೆ ಬರುತ್ತಿತ್ತು. ಮಾತು ಬರುತ್ತಿರಲಿಲ್ಲ. ಬಾಯಿ ಮುಚ್ಚಿದ ಅತ್ತೆಯನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ.

"ನೊಂದ್ಕೊಂಡಿದ್ದಾರೆ ರೀ" ಎಂದಳು ಗಂಡನ ಹತ್ತಿರ. "ಎತ್ತಿ ಆಡಿಸಿದವರು. ಅವರನ್ನ ನಾನು ಬಿಸ್ಕತ್ತು ಕಳ್ಳಿ ಮಾಡಿದೆ."

"ಹೋಗಿ ಕೇಳು ಮತ್ತೆ."

"ಏನಂತ ಕೇಳಲಿ? ಯಾವ ಮುಖ ಇಟ್ಕೊಂಡು ಕೇಳಲಿ?"

ಕೇಳಲಿಲ್ಲ. ವಾರದ ಮೇಲೆ ಅತ್ತೆ ಎಂದಿನಂತೆ ಇಳಿದುಬಂದು ಬೆಂಚಿನ ಮೇಲೆ ಕೂತು ಗಿರಾಕಿಗಳ ಮಾತು ಕೇಳಿಸಿಕೊಳ್ಳತೊಡಗಿದರೂ, ಅವಳು ಆ ಸುದ್ದಿ ಎತ್ತಲಿಲ್ಲ. ಅದರ ಬದಲು ಎರಡನೆಯ ಕಾದಂಬರಿಯಲ್ಲಿ ಎಲ್ಲ ಸರಿಪಡಿಸುತ್ತೇನೆ ಎಂದು ನಿಶ್ಚಯ ಮಾಡಿಕೊಂಡಳು.

ಹೀಗೆ ಹುಟ್ಟಿದ್ದು 'ಶಾಂತ ಸಂಜೆಯ ಸಾವು'. ಅದರಲ್ಲಿ ಟ್ರಂಕಾಲಜ್ಜಿ ಮೃದುವಾಗಿ ಮಾತಾಡುತ್ತಿದ್ದಳು. ಇಸ್ಪೀಟು ಮುಟ್ಟುತ್ತಿರಲಿಲ್ಲ. ಬಾಗಿಲು ಮುಚ್ಚಿದ್ದರೆ ದೂರ ಸರಿದು ನಿಲ್ಲುತ್ತಿದ್ದಳು, ಬಿಸ್ಕತ್ತು ಕೊಟ್ಟರೆ "ಬೇರೆಯವರಿಗಾಗಲಿ" ಎನ್ನುತ್ತಿದ್ದಳು. ಮುಳುಗುವ ಸೂರ್ಯನನ್ನು ನೋಡುತ್ತ ಬದುಕಿನ ಬಗ್ಗೆ ಒಂದು ಇಡೀ ಅಧ್ಯಾಯ ಯೋಚಿಸಿದಳು. ಯಾರನ್ನೂ ಅನುಮಾನಿಸುವುದು ಅವಳ ಸ್ವಭಾವದಲ್ಲೇ ಇರಲಿಲ್ಲವಾದ್ದರಿಂದ, ಕೊನೆಗೆ ಕೊಲೆಗಾರನೇ ಬೇಸತ್ತು ಬಂದು ತಪ್ಪೊಪ್ಪಿಕೊಳ್ಳಬೇಕಾಯಿತು. ಅವನ ತಲೆ ಸವರಿ ಅಜ್ಜಿ ಕಣ್ಣೀರಿಟ್ಟಳು. ಆ ಜಾಗ ಬರೆಯುವಾಗ ಕನ್ನಡಕದಕ್ಕನೂ ಅತ್ತಿದ್ದಳು. ತಾನೇ ಅತ್ತಮೇಲೆ ಇದು ದೊಡ್ಡ ಸಾಹಿತ್ಯವೇ ಇರಬೇಕು ಎಂದುಕೊಂಡಳು.

ಮೊದಲು ಓದಿದವನು ಗಂಡ. ಹಾಳೆಗಳನ್ನು ಮಡಚಿಟ್ಟು, ಚಹಾ ಕುಡಿದು, ಮತ್ತೆ ಲೋಟದ ತಳವನ್ನೇ ನೋಡುತ್ತ ಕೂತ.

"ಹೇಳಿ ರೀ. ಮೊದಲನೆಯದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ?" ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ಕೇಳುವ ಧಾಟಿಯಲ್ಲೇ ಕೇಳಿದಳು.

"ಅಕ್ಷರ ದುಂಡಗಿದೆ" ಎಂದ ಗಂಡ.

ಅಷ್ಟರಲ್ಲೇ ತಿಳಿದುಕೊಳ್ಳಬೇಕಿತ್ತು, ತಿಳಿದುಕೊಳ್ಳಲಿಲ್ಲ. ಪ್ರಕಾಶಕ ಓದುವ ಗೋಜಿಗೇ ಹೋಗಲಿಲ್ಲ. ಟ್ರಂಕಾಲಜ್ಜಿಯ ಹೆಸರು ಕಂಡದ್ದೇ ತಡ, ಮೊದಲನೆಯದಕ್ಕಿಂತ ದುಪ್ಪಟ್ಟು ಪ್ರತಿ ಅಚ್ಚು ಹಾಕಿಸಿ ಬೀದಿಯುದ್ದಕ್ಕೂ ಪೋಸ್ಟರ್ ಅಂಟಿಸಿದ.

ಪುಸ್ತಕ ಬಂತು. ಬಂದ ಮೇಲೆ ಊರು ಗಪ್‌ಚಿಪ್. ಬಸ್ ನಿಲ್ದಾಣದಲ್ಲಿ ಓದುತ್ತಿದ್ದವರು ಬಸ್ಸು ಬಂದ ಕೂಡಲೇ ಹತ್ತಿ ಹೋದರು. ಕೆಲವರು ಬಸ್ಸು ಬರುವ ಮುಂಚೆಯೇ ಪುಸ್ತಕ ಚೀಲಕ್ಕೆ ಹಾಕಿ ರಸ್ತೆ ನೋಡುತ್ತ ನಿಂತರು. ಗಿರಾಕಿಗಳು ಅಂಗಡಿಗೆ ಬಂದು ಮಳೆ ಬಗ್ಗೆ, ರಸ್ತೆ ಅಗೆದಿರುವ ಬಗ್ಗೆ ಮಾತಾಡಿ, ಹೊಸ ಕಾದಂಬರಿಯ ಸುದ್ದಿ ಬರುವ ಮುಂಚೆಯೇ ಎದ್ದು ಹೋದರು.

ಸತ್ಯ ಹೇಳಿದವನು ಎದುರು ಬೀದಿಯ ಬೇಕರಿಯವನು, ಅದೂ ಅವನಿಗೇ ಅರಿವಿಲ್ಲದೆ. ಹೊಸದಾಗಿ ಕೊಂಡ ಕನ್ನಡಕ ಹಿಡಿದುಕೊಂಡು ಒಂದು ಮಧ್ಯಾಹ್ನ ಬಂದ.

"ಅಕ್ಕಾ, ಈ ಗಾಜಿನಲ್ಲಿ ಏನೋ ತೊಂದರೆ ಇದೆ. ಪವರ್ ಜಾಸ್ತಿ ಆಯ್ತೋ ಏನೋ. ಓದೋಕೆ ಕೂತ್ರೆ ಕಣ್ಣು ತಾನಾಗೇ ಮುಚ್ಚಿ ಹೋಗುತ್ತೆ. ನಿನ್ನೆ ಓದ್ತಾ ಓದ್ತಾ ನಿದ್ದೆ ಹೋಗಿ, ಒಲೆಯಲ್ಲಿದ್ದ ಬನ್ನೆಲ್ಲ ಇದ್ದಿಲಾಯ್ತು."

ಅವಳು ಅವನನ್ನು ಕೂರಿಸಿ ಪರೀಕ್ಷೆ ಮಾಡಿದಳು. ದೂರದ ಅಕ್ಷರ ಸರಿ, ಹತ್ತಿರದ ಅಕ್ಷರ ಸರಿ. ಬೆಂಚಿನ ಮೇಲಿದ್ದ ದಿನಪತ್ರಿಕೆ ಕೊಟ್ಟಳು, ಗಡಗಡ ಓದಿದ. ಮೊದಲ ಕಾದಂಬರಿ ಕೊಟ್ಟಳು, ಓದುತ್ತ ನಗತೊಡಗಿ ವಾಪಸು ಕೊಡಲೇ ಒಲ್ಲ.

"ನಿನ್ನೆ ಏನು ಓದ್ತಿದ್ರಿ?" ಎಂದು ಕೇಳಿದಳು, ಉತ್ತರ ಗೊತ್ತಾಗಿಬಿಟ್ಟಿದ್ದರೂ.

ಬೇಕರಿಯವನಿಗೂ ಆಗಲೇ ಗೊತ್ತಾಯಿತು. ಮುಖ ಹಿಟ್ಟಿನಂತೆ ಬಿಳಿಚಿಕೊಂಡಿತು. "ಅದು... ಅಕ್ಕಾ... ನಿಮ್ಮ ಹೊಸದೂ ಚೆನ್ನಾಗೇ ಇದೆ. ಸೂರ್ಯ ಎಲ್ಲ ಚೆನ್ನಾಗಿ ಮುಳುಗಿದ್ದಾನೆ" ಎಂದು ತೊದಲುತ್ತ, ಕನ್ನಡಕವನ್ನು ಅಲ್ಲೇ ಬಿಟ್ಟು ಓಡಿದ. ಹಿಂದಿನ ಕೋಣೆಯ ಯಂತ್ರದ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ಗಂಡ ನಗುವನ್ನು ಅದರಲ್ಲಿ ಮುಳುಗಿಸುತ್ತಿದ್ದ.

ಆ ಭಾನುವಾರ ಪತ್ರಿಕೆಯಲ್ಲಿ ಒಂದು ವಿಮರ್ಶೆಯೂ ಬಂತು. ವಿಮರ್ಶೆ ಎಂದರೆ ಪುಟ್ಟ ಪ್ರಕಟಣೆಯಷ್ಟೇ ಇತ್ತು: "ಟ್ರಂಕಾಲಜ್ಜಿ ಎಂಬ ವೃದ್ಧೆ ಮೊದಲ ಕಾದಂಬರಿಯ ಕೊನೆಯ ಪುಟದಿಂದ ಕಾಣೆಯಾಗಿದ್ದಾರೆ. ಎರಡನೆಯ ಕಾದಂಬರಿಯಲ್ಲಿ ಅವರ ಹೆಸರು ಹೇಳಿಕೊಂಡು ಓಡಾಡುತ್ತಿರುವ ಸಾತ್ವಿಕ ಮಹಿಳೆಯ ಗುರುತು ಪತ್ತೆಯಾಗಿಲ್ಲ." ಕನ್ನಡಕದಕ್ಕ ಅದನ್ನು ಓದಿ ಮೊದಲು ಸಿಟ್ಟಾದಳು, ಆಮೇಲೆ ಅತ್ತಳು, ಅಳುವಿನ ನಡುವೆಯೇ ಒಂದು ಸಲ ನಗುವೂ ಬಂತು. ಬರೆದವನು ಯಾರೋ, ಚೆನ್ನಾಗಿ ಬರೆದಿದ್ದ.

ಇನ್ನು ಮೇಲೆ ಅಂಗಡಿ ಉಂಟು, ಗಾಜು ಉಂಟು, ಬರವಣಿಗೆಯ ತಂಟೆಯೇ ಬೇಡ ಎಂದು ಗಂಡನಿಗೆ ಹೇಳಿಬಿಟ್ಟಳು. ಅವನು ವಾದ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವುದನ್ನೇ ಕಾದಿದ್ದವರಂತೆ ಅತ್ತೆ ಧಡಧಡನೆ ಮೆಟ್ಟಿಲಿಳಿದು ಬಂದರು. ಕೈಯಲ್ಲಿ 'ಶಾಂತ ಸಂಜೆಯ ಸಾವು', ನಡುವೆ ಗುರುತಿಗೆ ಸಿಕ್ಕಿಸಿದ ಚಮಚ. ಪರೀಕ್ಷೆಯ ಕುರ್ಚಿಯಲ್ಲಿ ಕೂತು ಪುಸ್ತಕವನ್ನು ತೊಡೆಯ ಮೇಲೆ ಬಡಿದರು.

"ಯಾರೇ ಇವಳು?"

ಕನ್ನಡಕದಕ್ಕ ಕೈಯಲ್ಲಿದ್ದ ಗಾಜು ಕೆಳಗಿಟ್ಟಳು. "ನೀವೇ ಅತ್ತೆ."

"ನಾನಾ? ನಾನು ಯಾವಾಗ ಬಿಸ್ಕತ್ತು ಬೇಡ ಅಂದೆ? ಯಾವಾಗ ಅಂದೆ ಹೇಳು! ಮುಚ್ಚಿದ ಬಾಗಿಲು ಕಂಡು ದೂರ ಹೋದ್ಲಂತೆ. ಅಯ್ಯೋ, ಇವಳೇನು ಪತ್ತೇದಾರಳಾ, ತೋಟದ ಬೊಂಬೆಯಾ?"

"ಮೊದಲನೆಯದರಲ್ಲಿ ನಿಮಗೆ ಬೇಜಾರು ಮಾಡಿದ್ದೆ. ಅದಕ್ಕೇ..."

"ನಂಗೆ ಬೇಜಾರಾಯ್ತು ಅಂತ ಯಾರು ಹೇಳಿದ್ರು?"

"ಮದುವೆ ದಿನ ನೀವು ಮಾತೇ ಆಡಲಿಲ್ಲ. ಊಟ ಬಿಟ್ಟು ಎದ್ದು ಹೋದ್ರಿ. ಒಂದು ವಾರ..."

ಅತ್ತೆ ಅವಳನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಬಾಯನ್ನು ದೊಡ್ಡದಾಗಿ ಅಗಲಿಸಿ, ಒಳಗೆ ಬೆರಳಿಟ್ಟು ತೋರಿಸಿದರು. ಎಡಗಡೆ ಹಿಂದೆ ಒಂದು ಹಲ್ಲಿನ ಜಾಗ ಖಾಲಿಯಿತ್ತು.

"ಹಲ್ಲು ನೋವು ಕಣೇ ದಡ್ಡಿ! ಮದುವೆ ಮನೇಲಿ ಏನೋ ಗಟ್ಟಿಯಾಗಿದ್ದು ಕಡಿದೆ, ಜೀವ ಹೋದ ಹಾಗಾಯ್ತು. ಮನೆಗೆ ಬರೋ ದಾರೀಲೇ ಕೀಳಿಸಿಕೊಂಡು ಬಂದೆ. ಬಾಯಿ ತುಂಬ ಹತ್ತಿ ಇಟ್ಕೊಂಡು ಹೆಂಗೆ ಮಾತಾಡಲಿ?"

ಹಿಂದಿನ ಕೋಣೆಯ ಬಾಗಿಲಲ್ಲಿ ಗಂಡ ಬಂದು ನಿಂತಿದ್ದ. ಈ ಸಲ ಯಂತ್ರದ ಸಹಾಯವಿಲ್ಲದೆಯೇ ನಕ್ಕ. ಕನ್ನಡಕದಕ್ಕನಿಗೆ ನಗಬೇಕೋ ಅಳಬೇಕೋ ತೋಚಲಿಲ್ಲ. ಒಂದು ಹಲ್ಲಿನ ದೆಸೆಯಿಂದ ಇಡೀ ಕಾದಂಬರಿ ಹಾಳಾಗಿತ್ತು.

ಅತ್ತೆಯದು ಇನ್ನೂ ಮುಗಿದಿರಲಿಲ್ಲ. ಮೊದಲ ಪುಸ್ತಕ ಬಂದ ಮೇಲೆ ತಮ್ಮ ಬದುಕು ಹೇಗೆ ಬದಲಾಗಿತ್ತು ಎಂದು ಒಂದೊಂದಾಗಿ ಬಿಚ್ಚಿಟ್ಟರು. ದರ್ಜಿ ಅವರ ಬಟ್ಟೆಯನ್ನು ಹೇಳಿದ ದಿನಕ್ಕೇ ಕೊಡುತ್ತಿದ್ದ. ತೂಕದಲ್ಲಿ ಕೈಚಳಕ ತೋರಿಸುತ್ತಿದ್ದ ತರಕಾರಿಯವನು ಅವರ ಸರದಿ ಬಂದರೆ ತಕ್ಕಡಿಯಿಂದ ಕೈ ದೂರ ಇಟ್ಟುಕೊಳ್ಳುತ್ತಿದ್ದ. ಚೌಕದ ಪೊಲೀಸಿನವನು ಸಲಾಮು ಹೊಡೆಯುತ್ತಿದ್ದ. ಎಕ್ಸ್‌ಚೇಂಜಿನ ಹಳೆಯ ಗೆಳತಿಯರ ಕೂಟಕ್ಕೆ ಪುಸ್ತಕದ ಪ್ರತಿಗಳನ್ನು ಒಯ್ದು, ಮೊದಲ ಪುಟದಲ್ಲಿ 'ಟ್ರಂಕಾಲಜ್ಜಿ' ಎಂದು ತಾವೇ ಸಹಿ ಮಾಡಿ ಹಂಚಿದ್ದರು.

"ಈಗ ನೋಡು. ಮೊನ್ನೆ ಕೂಟಕ್ಕೆ ಹೋದ್ರೆ ಎಲ್ಲರೂ ಎದ್ದು ನಿಂತು ಕೈ ಮುಗಿದ್ರು. 'ಬಾರಮ್ಮ ಸಾಧ್ವಿ' ಅಂದ್ರು. ಇಸ್ಪೀಟಿಗೇ ಕರೀಲಿಲ್ಲ ಕಣೇ ನನ್ನ! ಇನ್ನು ಮೇಲೆ ನೀನು ಮೋಸ ಮಾಡಲ್ವಲ್ಲ, ನಿನ್ನ ಜೊತೆ ಆಡೋದ್ರಲ್ಲಿ ಏನು ಮಜಾ ಅಂದ್ರು." ಅತ್ತೆ ಪುಸ್ತಕವನ್ನು ಅವಳ ಕಡೆ ತಳ್ಳಿದರು. "ಮರ್ಯಾದೆ ಕೊಟ್ಟೂ ಕೊಟ್ಟೂ ನನ್ನನ್ನ ಕೊಂದೇಬಿಟ್ಟೆ ನೀನು."

ಕನ್ನಡಕದಕ್ಕ ಅವರ ಕಾಲ ಬಳಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅವರ ಬಾಯಲ್ಲಿ ಆ ಮಾತು ಬಂದಮೇಲೆ ಇನ್ನು ವಿಮರ್ಶಕನ ಮಾತು ಅವಳಿಗೆ ನಾಟಲಿಲ್ಲ. ಪುಸ್ತಕ ಎಲ್ಲಿ ಕೆಟ್ಟಿತ್ತೆಂದು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅತ್ತೆಯನ್ನು ಕೇಳಬೇಕಾಗಿದ್ದ ಒಂದು ಪ್ರಶ್ನೆಗೆ ಹೆದರಿ ಮುನ್ನೂರು ಪುಟ ಬರೆದಿದ್ದಳು.

ಇಷ್ಟಾದರೂ ಒಂದು ಕಂಟಕ ಉಳಿದಿತ್ತು. ಆ ಶನಿವಾರವೇ ಗ್ರಂಥಾಲಯದಲ್ಲಿ ಹೊಸ ಕಾದಂಬರಿಯ ಬಗ್ಗೆ ಅವಳ ಮಾತಿತ್ತು. ಬರುವುದಿಲ್ಲ ಎಂದು ಹೇಳಿ ಕಳಿಸೋಣವೆಂದರೆ ಪ್ರಕಾಶಕ ಬಿಡಲಿಲ್ಲ. "ಮೇಡಂ, ಮುದ್ರಣಾಲಯದಲ್ಲಿ ಕಾಲಿಡೋಕೆ ಜಾಗ ಇಲ್ಲ. ನಿಮ್ಮ ಪುಸ್ತಕದ ಕಟ್ಟಿನ ಮೇಲೇ ಕೂತು ಊಟ ಮಾಡ್ತಿದ್ದೀನಿ. ದಯವಿಟ್ಟು ಬಂದು ನಾಲ್ಕು ಮಾತಾಡಿ" ಎಂದು ಅಲವತ್ತುಕೊಂಡ.

ಹೋದಳು. ಸಭೆಯಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು. ಬಂದವರೂ ಬಾಗಿಲ ಹತ್ತಿರದ ಸಾಲಿನಲ್ಲಿ ಕೂತಿದ್ದರು. ಅವಳು ಸೂರ್ಯಾಸ್ತದ ಭಾಗ ಓದತೊಡಗಿದಳು. ಒಂದು ಪುಟ ಮುಗಿಯುವುದರೊಳಗೆ ಮುಂದಿನ ಸಾಲಿನಿಂದ ಅತ್ತೆ ಎದ್ದು ನಿಂತರು.

"ಸ್ವಲ್ಪ ತಡಿ. ಆ ಸೂರ್ಯ ಎಷ್ಟು ಹೊತ್ತು ಮುಳುಗ್ತಾನೆ? ಅಷ್ಟರಲ್ಲಿ ಕೊಲೆಗಾರ ಊರು ಬಿಟ್ಟಿರ್ತಾನೆ."

ಹಿಂದಿನಿಂದ ಯಾರೋ, "ಅಯ್ಯೋ, ಟ್ರಂಕಾಲಜ್ಜಿ! ನಿಜವಾದವರೇ!" ಎಂದರು. ಅಷ್ಟೇ ಸಾಕಾಯಿತು. ಅತ್ತೆ ಸಭೆಯತ್ತ ತಿರುಗಿ ನಿಂತು ಲೇಖಕಿಯ ವಿಚಾರಣೆಗೇ ಇಳಿದರು. ಕೊಲೆಯಾದ ಮನೆಯ ಆಳನ್ನು ಯಾಕೆ ಯಾರೂ ಪ್ರಶ್ನಿಸಲಿಲ್ಲ? ಕಿಟಕಿ ಒಳಗಿನಿಂದ ಚಿಲಕ ಹಾಕಿದ್ದರೆ ಬೆಕ್ಕು ಎಲ್ಲಿಂದ ಬಂತು? ಕನ್ನಡಕದಕ್ಕ ಮೊದಲು ತಬ್ಬಿಬ್ಬಾದಳು, ಆಮೇಲೆ ಹಟಕ್ಕೆ ಬಿದ್ದಳು. ಬೆಂಚಿನವರಿಗೆ ಮುಕ್ತಾಯ ಹೊಸೆದು ಹೇಳುತ್ತಿದ್ದ ಕಾಲದ ಚುರುಕು ನಾಲಿಗೆಗೆ ಮರಳಿತು. ನಿಂತಲ್ಲೇ ಬೆಕ್ಕಿಗೊಂದು ದಾರಿ ಹುಡುಕಿದಳು, ಆಳಿಗೊಂದು ಸುಳ್ಳು ಹೊಸೆದಳು, ಕೊಲೆಗಾರನನ್ನೇ ಬದಲಾಯಿಸಿಬಿಟ್ಟಳು. "ಹಾಂ, ಇದು ಮಾತು!" ಎಂದು ಅತ್ತೆ ಕೂಗಿದರು. ಜನ ಬಾಗಿಲ ಸಾಲಿನಿಂದ ಎದ್ದು ಮುಂದೆ ಬಂದು ಕೂತರು. ಬೇಕರಿಯವನು ಕಣ್ಣು ಪಿಳಿಪಿಳಿ ಬಿಡುತ್ತ ಕೊನೆಯವರೆಗೂ ಎಚ್ಚರವಾಗಿದ್ದ. ಗ್ರಂಥಪಾಲಕಿ ದೀಪ ಆರಿಸಿ ಹೊತ್ತಿಸಿ ಎಚ್ಚರಿಸಿದ ಮೇಲೇ ಎಲ್ಲರೂ ಎದ್ದದ್ದು.

ಅಂದು ಪುಸ್ತಕದ ಪ್ರತಿಗಳೇನೂ ಖರ್ಚಾಗಲಿಲ್ಲ. "ನಿಂತ್ಕೊಂಡು ಹೇಳಿದ್ದು ಬರೆದಿದ್ರೆ ತಗೊಳ್ತಿದ್ವಿ" ಎಂದು ನೇರವಾಗಿಯೇ ಹೇಳಿ ಹೋದರು. ಅದು ಅವಳಿಗೆ ಬೈಗುಳದಂತೆ ಕೇಳಿಸಲಿಲ್ಲ.

'ಶಾಂತ ಸಂಜೆಯ ಸಾವ'ನ್ನು ಮೆಚ್ಚಿದವರು ಯಾರೂ ಇಲ್ಲವೆಂದು ಅವಳು ತಿಳಿದಿದ್ದಳು. ಆದರೆ ಕೆಲವು ದಿನಗಳ ಮೇಲೆ ವಿದ್ಯುತ್ ಕಚೇರಿಯಲ್ಲಿ ದೂರು ಕೇಳಿಸಿಕೊಳ್ಳುವ ಕೌಂಟರಿನ ಗುಮಾಸ್ತ ಕನ್ನಡಕದ ಕಡ್ಡಿ ಸರಿಮಾಡಿಸಲು ಬಂದ. ಸಣ್ಣ ದನಿಯ, ಬಾಗಿದ ಬೆನ್ನಿನ ಮನುಷ್ಯ. ಅವನ ಚೀಲದಲ್ಲಿ ಆ ಪುಸ್ತಕ ಇತ್ತು, ಓದಿ ಓದಿ ಬೆನ್ನು ಸಡಿಲವಾಗಿತ್ತು.

"ಇದನ್ನ ಓದಿದ್ರಾ?" ಎಂದಳು ನಂಬಲಾರದೆ.

"ಮೂರನೇ ಸಲ ಓದ್ತಿದ್ದೀನಿ ಮೇಡಂ." ಅವನು ಸಂಕೋಚದಿಂದ ನಕ್ಕ. "ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟು ಇಲ್ಲ ಅಂತ ಊರವರೆಲ್ಲ ನನ್ನನ್ನೇ ಬಯ್ತಾರೆ. ಮನೆಗೆ ಹೋಗಿ ಇದನ್ನ ತೆಗೀತೀನಿ. ಇದರಲ್ಲಿ ಯಾರೂ ಯಾರನ್ನೂ ಬಯ್ಯಲ್ಲ. ಕೊಲೆಗಾರನನ್ನೂ ಬಯ್ಯಲ್ಲ."

ಅವಳು ಕಡ್ಡಿ ಸರಿಮಾಡಿ, ಗಾಜು ಒರೆಸಿ, ಅವನ ಕಿವಿಗೆ ತಾನೇ ಸಿಕ್ಕಿಸಿ, ನೋವಾಗುತ್ತಿಲ್ಲ ತಾನೇ ಎಂದು ಎರಡೆರಡು ಸಲ ಕೇಳಿದಳು. ಅವನು ಹೋದಮೇಲೆ ಬೆಂಚಿನ ಮೇಲಿದ್ದ ಅತ್ತೆಯತ್ತ ನೋಡಿದಳು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಪಾಪ, ಒಳ್ಳೆ ಮನುಷ್ಯ" ಎಂದರು. "ಅವನಿಗೋಸ್ಕರ ಆ ಪುಸ್ತಕ ಇರಲಿ ಬಿಡು. ನಂಗೋಸ್ಕರ ಇನ್ನೊಂದು ಬರಿ."

ಮೂರನೆಯದನ್ನು ಅವಳು ಮೇಲಿನ ಕೋಣೆಯಲ್ಲಿ, ಅತ್ತೆಯ ಎದುರಿಗೇ ಕೂತು ಬರೆದಳು. ಈ ಸಲದ ಜಗಳವೇ ಬೇರೆ. ಇದ್ದ ದುರ್ಗುಣಗಳು ಅತ್ತೆಗೆ ಸಾಲದಾದವು.

"ಸಿಗರೇಟು ಸೇದೋ ಹಾಗೆ ಬರಿ."

"ನೀವು ಸೇದಲ್ಲವಲ್ಲ ಅತ್ತೆ."

"ಕಾದಂಬರೀಲಾದ್ರೂ ಸೇದ್ತೀನಿ. ನಿಂಗೇನು ಖರ್ಚು? ಆಮೇಲೆ ಒಂದು ವ್ಯಾನ್ ಓಡಿಸಿಕೊಂಡು ಕಳ್ಳನನ್ನ ಅಟ್ಟಿಸಿಕೊಂಡು ಹೋಗೋ ಹಾಗೆ ಮಾಡು. ರಸ್ತೇಲಿರೋರೆಲ್ಲ ದಿಕ್ಕಾಪಾಲಾಗಿ ಓಡಬೇಕು."

ಸಿಗರೇಟಿನ ವಿಷಯದಲ್ಲಿ ಕನ್ನಡಕದಕ್ಕ ಜಗ್ಗಲಿಲ್ಲ, ವ್ಯಾನಿನ ವಿಷಯದಲ್ಲಿ ಸೋತಳು. 'ರಿಸೀವರ್ ಕೆಳಗಿಡಬೇಡಿ' ಹೊರಬಂದಾಗ ಮೊದಲನೆಯದರಷ್ಟು ಗಲಾಟೆಯಾಗದಿದ್ದರೂ ಜನ ಕೈಯಿಂದ ಕೈಗೆ ದಾಟಿಸಿಕೊಂಡು ಓದಿದರು. ವ್ಯಾನಿನ ಅಧ್ಯಾಯವಂತೂ ಎಲ್ಲರ ಬಾಯಲ್ಲೂ ಓಡಾಡಿತು. ಗೆಳತಿಯರು ಅತ್ತೆಯನ್ನು ಮತ್ತೆ ಇಸ್ಪೀಟಿಗೆ ಕೂರಿಸಿಕೊಂಡರು, ಕೂರಿಸಿಕೊಂಡವರೆಲ್ಲ ಸೋತರು.

ತೊಂದರೆ ಶುರುವಾದದ್ದು, "ನಿಜವಾಗ್ಲೂ ವ್ಯಾನ್ ಓಡಿಸ್ತೀರಾ?" ಎಂದು ಜನ ಕೇಳತೊಡಗಿದಾಗ. ಅತ್ತೆಗೆ ಇಲ್ಲ ಎನ್ನಲು ಮನಸ್ಸಿಲ್ಲ, ಹೌದೆನ್ನಲು ಧೈರ್ಯವಿಲ್ಲ. ಕೊನೆಗೆ ಬೇಕರಿಯವನನ್ನು ಹೇಗೋ ಪುಸಲಾಯಿಸಿ, ಬ್ರೆಡ್ಡು ಸಾಗಿಸುವ ಅವನ ವ್ಯಾನನ್ನು ಊರಾಚೆಯ ಬಯಲಿಗೆ ತರಿಸಿದರು. ಭಾನುವಾರ ಬೆಳಿಗ್ಗೆ ಅತ್ತೆ ಸ್ಟೀರಿಂಗ್ ಹಿಡಿದು ಮುಂದೆ ಕೂತರು, ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡ ಬೇಕರಿಯವನು. ಹಿಂದೆ ಬ್ರೆಡ್ಡಿನ ಖಾಲಿ ತಟ್ಟೆಗಳ ನಡುವೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದು ಕೂತಿದ್ದರು.

"ಅಜ್ಜಿ, ಮೊದಲು ನಿಧಾನಕ್ಕೆ ಕ್ಲಚ್ ಬಿಡಿ" ಎಂದ ಬೇಕರಿಯವನು.

ಅತ್ತೆ ನಿಧಾನಕ್ಕೆ ಬಿಡಲಿಲ್ಲ. ವ್ಯಾನು ಕಪ್ಪೆಯಂತೆ ಎರಡು ಸಲ ಕುಪ್ಪಳಿಸಿ, ತಟ್ಟೆಗಳನ್ನೆಲ್ಲ ಝಣಝಣಗುಟ್ಟಿಸಿ, ಬಯಲಿನ ನಡುವೆ ಮೇಯುತ್ತಿದ್ದ ಒಂದು ಕತ್ತೆಯ ಕಡೆಗೆ ನೆಟ್ಟಗೆ ಹೊರಟಿತು. ಕತ್ತೆ ದಾರಿ ಬಿಟ್ಟು ಓಡಿತು.

"ನೋಡಿದ್ರಾ, ಹೆಂಗೆ ಓಡಿದ ಕಳ್ಳ!" ಎಂದು ಅತ್ತೆ ಕೂಗಿದರು. ಹಿಂದೆ ಕೂತಿದ್ದ ಕನ್ನಡಕದಕ್ಕ ನಕ್ಕೂ ನಕ್ಕೂ ಮಂಜಾದ ತನ್ನ ಕನ್ನಡಕ ತೆಗೆದು ಒರೆಸಿಕೊಳ್ಳಲು ನೋಡಿದಳು. ವ್ಯಾನು ಮತ್ತೆ ಕುಪ್ಪಳಿಸಿದ್ದರಿಂದ ಅದೂ ಆಗಲಿಲ್ಲ.